ನೀನು ಚಾಚಿದ ಸೌಟು

ಮಿಲ್ಪಿಟಾಸ್, ಭಾನುವಾರ

ನೆಸ್ರಿನ್‌ಗೆ ನಿನ್ನ ಅತ್ತೆಯ ಆಶೀರ್ವಾದ.

ಪಕ್ಕದ ಮನೆಯ ಗಾರ್ಗಿ ಇದನ್ನು ನಿನಗೆ ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಓದಿ ಹೇಳುತ್ತಾಳೆ. ನನ್ನ ಮಾತನ್ನು ನಯ ಮಾಡಬೇಡ ಎಂದು ಅವಳಿಗೆ ಹೇಳಿದ್ದೇನೆ.

ಸುಜಯ್ ತೀರಿಕೊಂಡ ಮೂರನೆಯ ದಿನ ನೀನು ತುಪ್ಪದಲ್ಲಿ ರವೆ ಹುರಿಯುತ್ತಿದ್ದೆ. ಸೂತಕದಲ್ಲಿ ನಾವು ಒಗ್ಗರಣೆಯನ್ನೂ ಹಾಕುವುದಿಲ್ಲ. ಅಡುಗೆಮನೆಯಲ್ಲಿ ಹಬ್ಬದ ಘಮ. ನನ್ನನ್ನು ಕಂಡವಳೇ ನೀನು ಸೌಟು ಚಾಚಿದೆ. ರುಚಿ ನೋಡಲು ಕರೆಯುತ್ತಿದ್ದೀಯ ಎಂದುಕೊಂಡೆ. "ಗಂಡ ಸತ್ತಿರೋವಾಗ ಸಿಹಿ ತಿನ್ನಕ್ಕೆ ಹೇಗೆ ಮನಸ್ಸು ಬರುತ್ತೆ ನಿಂಗೆ?" ಎಂದು ಬಾಣಲೆಯನ್ನು ಸಿಂಕಿಗೆ ಬೋರಲು ಹಾಕಿದೆ. ಕನ್ನಡ ಬಾರದಿದ್ದರೂ ನಿನಗೆ ಅರ್ಥವಾಯಿತು. ಮರುದಿನವೇ ನೀನು ಓಕ್ಲ್ಯಾಂಡಿನ ಗೆಳತಿಯ ಮನೆಗೆ ಹೊರಟುಹೋದೆ.

ಮೊನ್ನೆ ಇಜ್ಮೀರಿನಿಂದ ನಿನ್ನ ಅಮ್ಮ ಫೋನು ಮಾಡಿದ್ದರು. ಅವರ ಇಂಗ್ಲಿಷನ್ನು ಗಾರ್ಗಿಯೇ ನನಗೆ ತಿಳಿಸಿ ಹೇಳಿದಳು. ನಿಮ್ಮ ತುರ್ಕಿಯಲ್ಲಿ ಸಾವಾದ ಮನೆಯಲ್ಲಿ ರವೆಯ ಹಲ್ವ ಮಾಡುತ್ತಾರಂತೆ. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಸೌಟು ಹಿಡಿದು, ಹೋದವರನ್ನು ನೆನೆಯುತ್ತ ಕೈಯಾಡಿಸುತ್ತಾರಂತೆ. ಆ ಘಮ ಅವರನ್ನು ಮುಟ್ಟುತ್ತದಂತೆ.

ಆ ದಿನ ನೀನು ಸೌಟು ಚಾಚಿದಾಗ ಅದು ನನ್ನ ಸರದಿ.

ನಲವತ್ತನೆಯ ದಿನವೂ ಮಾಡುತ್ತಾರಂತಲ್ಲ. ಅದು ಬರುವ ಗುರುವಾರ. ಸಾಂಟಾ ಕ್ಲಾರಾದಿಂದ ರವೆ, ತುಪ್ಪ ತರಿಸಿದ್ದೇನೆ. ಬಾಣಲೆ ಉಜ್ಜಿಟ್ಟಿದ್ದೇನೆ. ಅದಕ್ಕೆ ಹಾಕುವ ಪೈನ್ ನಟ್ಸು ಎಲ್ಲಿ ಸಿಗುತ್ತದೆಂದು ಗಾರ್ಗಿಗೆ ಹೇಳು. ರವೆ ಎಷ್ಟು ಕೆಂಪಗಾಗಬೇಕು ಎನ್ನುವುದನ್ನೂ ಹೇಳು.

ನೀನು ಬಾರದಿದ್ದರೂ ಹುರಿಯುತ್ತೇನೆ. ಆದರೆ ನನ್ನ ಕೈ ಸೋತಾಗ ಸೌಟನ್ನು ಯಾರಿಗೆ ಕೊಡಲಿ?

ನಿನ್ನ ಅತ್ತೆ,
ವೇದವತಿ