ದಿನಕ್ಕೆ ನಾಲ್ಕು ಸಲ ಟಿಣ್

ಅಂಗಡಿಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಹಾರಾಯ್ತಿಗೆ,

ನಿನ್ನ ಮಂಡಿನೋವು ಹೇಗಿದೆ? ಮಗಳು ಮಲಗಿದಲ್ಲೇ ಮಲಗಿರುತ್ತಾಳೋ, ಇಲ್ಲ ಡಾಕ್ಟರ ಮಾತು ಕಿವಿಗೆ ಹಾಕಿಕೊಳ್ಳದೆ ಅಡುಗೆಮನೆಗೆ ನುಗ್ಗುತ್ತಾಳೋ? ಹೆರಿಗೆಗೆ ಇನ್ನು ಐದು ವಾರ. ಅಲ್ಲಿಯವರೆಗೆ ಅವಳು ಮಂಚ ಬಿಟ್ಟು ಇಳಿಯಬಾರದು, ನೀನು ಅವಳನ್ನು ಬಿಟ್ಟು ಅಲ್ಲಾಡಬಾರದು. ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀಯಾ. ನೀನು ಸ್ಪೀಕರಿಗೆ ಹಾಕುತ್ತೀಯ, ಅಳಿಯ ಪಕ್ಕದಲ್ಲಿ ಕೂತು ಕೆಮ್ಮುತ್ತಾನೆ, ನನಗೆ ಮಾತೇ ಹೊರಡುವುದಿಲ್ಲ. ಪಕ್ಕದ ಅಂಗಡಿಯ ಟೈಲರಮ್ಮನ ತಮ್ಮ ಸಂಜೆ ಬಸ್ಸಿಗೆ ನಿಮ್ಮ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಈ ಕಾಗದ. ಅಕ್ಷರ ಸೊಟ್ಟಗಿವೆ ಅಂತ ಬೈಯಬೇಡ. ಈ ಮೇಜಿನ ಒಂದು ಕಾಲು ಕುಂಟು.

ವ್ಯಾಪಾರ ಜೋರಾಗಿದೆ. ನೀನು ಹೊರಡುವ ದಿನ ಗಾಜಿಗೆ ಅಂಟಿಸಿದ ಆ ಕಪ್ಪು ಚುಕ್ಕಿಗಳ ಚೌಕವನ್ನು ಕಂಡು ಮೂತಿ ತಿರುಗಿಸಿದವನು ನಾನೇ, ಒಪ್ಪಿದೆ. ಮೂವತ್ತೊಂದು ವರ್ಷ ಗಡಿಯಾರ ರಿಪೇರಿ ಮಾಡಿ ಕೈಯಿಂದ ಕೈಗೆ ದುಡ್ಡು ಇಸಿದುಕೊಂಡವನು, ಗಾಜಿಗೆ ಫೋನು ತೋರಿಸಿ ಹೊರಟುಬಿಡುವವರನ್ನು ನಂಬುವುದು ಹೇಗೆ? ಆದರೆ ನೀನು ಹೇಳಿದ್ದೂ ಸುಳ್ಳಲ್ಲ. ಚಿಲ್ಲರೆ ಇಲ್ಲ ಅಂದವರನ್ನೆಲ್ಲ ಮುಂದಿನ ಸಲ ಕೊಡಿ ಅಂತ ಕಳಿಸಿ ಅಂಗಡಿಯನ್ನು ಧರ್ಮಛತ್ರ ಮಾಡಿದ್ದೆ. ಬಂದ ನೋಟುಗಳೂ ಅಂಗಿ ಜೇಬಿನಲ್ಲೇ ಕೂತು ನಿನ್ನ ಕೈಯಲ್ಲಿ ಒಗೆಸಿಕೊಳ್ಳುತ್ತಿದ್ದವು. ಈಗ ನಾನೇ ಪ್ರಚಾರಕ. ಯಾರಾದರೂ ಪರ್ಸಿಗೆ ಕೈ ಹಾಕಿದರೆ ಗಾಜಿನ ಕಡೆ ಬೆರಳು ತೋರಿಸುತ್ತೇನೆ. ನನ್ನದು ಗುಂಡಿ ಫೋನು ಅಂತ ನೀನು ಖಾತೆಯನ್ನು ನಿನ್ನ ನಂಬರಿಗೇ ಸೇರಿಸಿದ್ದು ಒಳ್ಳೆಯದಾಯಿತು. ಇಲ್ಲಿ ಒಂದು ಗಡಿಯಾರ ನಡೆಯಲು ಶುರುವಾದರೆ ಅಲ್ಲಿ ನಿನ್ನ ಫೋನು ಟಿಣ್ ಅನ್ನುತ್ತದೆ. ದಿನಕ್ಕೆ ಮೂರು, ನಾಲ್ಕು. ನಿನ್ನೆ ಐದು. ಕೇಳಿಸಿತು ತಾನೆ?

ಬಸ್ಸು ಹತ್ತುವಾಗ ನೀನು ಹೇಳಿದ್ದು ತಲೆಯಲ್ಲಿ ಕೊರೆಯುತ್ತಲೇ ಇದೆ. "ನಿಮ್ಮ ಕೈ ನೋಡಿದ್ದೀನಿ ರೀ. ಎರಡು ದಿನ ನನ್ನ ಫೋನು ಸುಮ್ಮನಿದ್ರೆ ಅಂಗಡಿಗೆ ಬೀಗ ಹಾಕೋಕೆ ನಾನೇ ಬರ್ತೀನಿ. ಆಮೇಲೆ ಮಗಳನ್ನ ಯಾರು ನೋಡ್ಕೋತಾರೋ ನಂಗೊತ್ತಿಲ್ಲ." ಬಲಗೈ ಒಂದಿಷ್ಟು ನಡುಗಿದ್ದಕ್ಕೆ ಎಷ್ಟು ದೊಡ್ಡ ಬೆದರಿಕೆ! ಈಗ ವಾಸಿ. ಬೆಳಗ್ಗೆ ಸ್ವಲ್ಪ ಇರುತ್ತದೆ, ಅದು ಚಳಿಗೆ. ಹೆಡ್ಮಿಸ್ಟ್ರೆಸ್ ಅಮ್ಮನ ಕೈಗಡಿಯಾರ ಒಂದು ಮಾತ್ರ ಬಿಚ್ಚಿದ್ದು ಬಿಚ್ಚಿದ ಹಾಗೆ ಗಾಜಿನ ಬಟ್ಟಲಿನ ಕೆಳಗೆ ಬಿದ್ದಿದೆ. ಅವರು ಬಂದಾಗಲೆಲ್ಲ ಗುರುವಾರ ಅನ್ನುತ್ತೇನೆ. ಯಾವ ಗುರುವಾರ ಅಂತ ಅವರು ಕೇಳುವುದಿಲ್ಲ, ದೊಡ್ಡ ಮನಸ್ಸು. ನಾನು ಮಾತ್ರ ಕೂತಲ್ಲಿ ಕೂರಲಾರೆ. ಕುರ್ಚಿಯಿಂದ ಬಾಗಿಲಿಗೆ, ಬಾಗಿಲಿಂದ ಕುರ್ಚಿಗೆ. "ಅಣ್ಣಾ, ನಿಮ್ಮ ಓಡಾಟ ನೋಡಿ ನನ್ನ ಹೊಲಿಗೆ ದಾರಿ ತಪ್ತಿದೆ" ಅಂತ ಟೈಲರಮ್ಮ ಗದರುತ್ತಾಳೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದೆ. ಬೀದಿಯಲ್ಲಿ ಯಾರೂ ಬರುತ್ತಿಲ್ಲ ಅಂತ ಗೊತ್ತಿದ್ದೂ ನೋಡಿ ಬಂದೆ.

ಮಗಳ ತಲೆ ನೇವರಿಸಿ, ಇದು ಅಪ್ಪನದು ಅಂತ ಹೇಳು. ಅಳಿಯನಿಗೆ ಕೆಮ್ಮಿನ ಔಷಧಿ ಕುಡಿಸು. ಬರುವ ಕೂಸಿಗೆ ಈಗಲೇ ನನ್ನ ಆಶೀರ್ವಾದ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ, ಆದರೂ ಬರಬೇಡ.

ನಿನ್ನ
ಗಡಿಯಾರದವನು

ತಾ.ಕ.: ಲಕೋಟೆಗೆ ಗೋಂದು ಕೇಳಲು ಟೈಲರಮ್ಮನ ಹತ್ತಿರ ಹೋಗಿದ್ದೆ. ಮಾತಿಗೆ ಮಾತು ಬಂದು ಅವಳು ಹೇಳಿದಳು, ದುಡ್ಡು ಕಳಿಸಿದವರ ಹೆಸರೂ ನಿನ್ನ ಫೋನಿನಲ್ಲಿ ಕಾಣುತ್ತದಂತೆ. ನಿಜವಾ? ಹಾಗಾದರೆ ಮೂರು ವಾರದಿಂದ ಪ್ರತಿ ಟಿಣ್‌ಗೂ ಅವಳ ಹೆಸರನ್ನೇ ನೋಡಿದ್ದೀಯ. ಊರಿನ ಗಡಿಯಾರಗಳೆಲ್ಲ ಅವಳೊಬ್ಬಳ ಮನೆಯಲ್ಲೇ ಕೆಡುತ್ತಿವೆ ಅಂದುಕೊಂಡೆಯಾ? ತಗಡಿನ ಡಬ್ಬಿಯಲ್ಲಿ ಕೂಡಿಟ್ಟ ನೋಟನ್ನು ನಾನು ಅವಳ ಕೈಗಿಡುತ್ತಿದ್ದೆ, ಅವಳು ಗಾಜಿಗೆ ಫೋನು ಹಿಡಿಯುತ್ತಿದ್ದಳು. ನಾನು ಚಿಮಟ ಹಿಡಿದು ಇಪ್ಪತ್ತೆರಡು ದಿನವಾಯಿತು. ಮೇಜಿನ ಕಾಲು ನೆಟ್ಟಗೇ ಇದೆ. ಈ ಎರಡು ಹಾಳೆಗೆ ಬೆಳಗ್ಗೆಯಿಂದ ಕೂತಿದ್ದೇನೆ, ಅದಕ್ಕೇ ಹರಿದುಹಾಕಲು ಮನಸ್ಸು ಬರಲಿಲ್ಲ. ಎಲ್ಲ ಗೊತ್ತಿದ್ದೂ ದಿನಾ ಸಂಜೆ "ಇವತ್ತು ಒಳ್ಳೇ ವ್ಯಾಪಾರ ಅಲ್ವಾ ರೀ" ಅಂದೆಯಲ್ಲ! ನಾಚಿಕೆಯಾಗುತ್ತಿದೆ. ಎಷ್ಟೋ ಸಮಾಧಾನವೂ ಆಗುತ್ತಿದೆ. ಹುಡುಗ ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತಿದ್ದಾನೆ. ನಾಳೆಯಿಂದ ನಿನ್ನ ಫೋನು ಸುಮ್ಮನಿರುತ್ತದೆ, ಗಾಬರಿಯಾಗಬೇಡ, ಮಗಳನ್ನು ಬಿಟ್ಟು ಹೊರಡಬೇಡ. ಬೀಗ ಹಾಕಿ ನಾನೇ ಬರುತ್ತೇನೆ, ಅಲ್ಲಿಯ ಡಾಕ್ಟರಿಗೆ ಕೈ ತೋರಿಸೋಣ. ಬಸ್ಸಿನ ಟಿಕೆಟ್ಟು ಮಾತ್ರ ಅಲ್ಲಿಂದ ನೀನೇ ಮಾಡಿಸು. ನನ್ನ ದುಡ್ಡೆಲ್ಲ ನಿನ್ನ ಫೋನಿನಲ್ಲಿದೆ.