ಮೂರನೇ ತಂತಿ

೧೦-೨-೧೯೯೬, ಘತ್ತರಗಿ

ಬೆಳಿಗ್ಗೆ ಸ್ಕೋಪನ್ನು ಹೀಟರ್ ಕಾಯಿಲ್‌ಗೆ ಹಚ್ಚಿ ನೋಡಿದೆ. ವೋಲ್ಟೇಜು, ಕರೆಂಟು ಎರಡೂ ಅಲೆ ಒಟ್ಟಿಗೇ ಸೊನ್ನೆ ದಾಟಬೇಕು. ಕರೆಂಟಿನದು ಚೂರು ತಡ. ತಂತಿಗೆ ಕಚ್ಚಿಸುವ ಕ್ಲ್ಯಾಂಪಿನ ದೋಷ. ಸರಿಪಡಿಸಿದೆ. ಕರೆಂಟಿನ ಅಲೆ ತೋರಿಸುವ ಈ ಯಂತ್ರ ಕಾಲೇಜಿನ ಹೊಸ ಡಿಜಿಟಲ್ ಸ್ಕೋಪು. ಗುಲ್ಬರ್ಗದಿಂದ ತೊಡೆಯ ಮೇಲಿಟ್ಟುಕೊಂಡು ತಂದಿದ್ದೇನೆ — ಪ್ರಿನ್ಸಿಪಾಲರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು.

ನನ್ನ ಅಣ್ಣ ಶ್ರೀಪಾದನ ಪಂಪಿನ ಮೋಟರು ವಿಪರೀತ ಕಾಯುತ್ತಿದೆಯಂತೆ. ಕಾಯದೆ ಏನು ಮಾಡೀತು? ಮೂರು ತಂತಿಗಳಲ್ಲಿ ಒಂದಕ್ಕೆ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸೇ ಇಲ್ಲ, ಅದರಲ್ಲಿ ಕರೆಂಟು ಬರುವುದಿಲ್ಲ. ಕಂಡೆನ್ಸರ್ ಹಾಕಿ ಎರಡೇ ಫೇಸಿನಲ್ಲಿ ಓಡಿಸುತ್ತಾನೆ. ಇಲ್ಲಿ ಎಲ್ಲರದೂ ಅದೇ ರೂಢಿ.

ಆ ಫ್ಯೂಸ್ ಹಾಕಲು ಯಾವ ಲೈನ್‌ಮನ್ನೂ ಒಪ್ಪುತ್ತಿಲ್ಲ. ಸಂಕ್ರಮಣ ಮುಗಿದ ಮೇಲೆ ಆ ಮೂರನೇ ತಂತಿಯನ್ನು ಮುಟ್ಟಿಯೇ ಲೈನ್‌ಮನ್ ಧರ್ಮಣ್ಣ ಕಂಬದ ಮೇಲೆ ಸತ್ತ. ಫ್ಯೂಸ್ ಕೀಳದೆ ಹತ್ತಿದ, ಕಿತ್ತಿದ್ದರೆ ಕರೆಂಟು ಎಲ್ಲಿಂದ ಬರಬೇಕು — ಕರೆಂಟು ಇಲಾಖೆಯ ಮೇಲಿನವರ ಮಾತು. ೧೯ಕ್ಕೆ ವಿಚಾರಣೆ. ತಪ್ಪು ಅವನದೆಂದು ಬರೆದರೆ ಹೆಂಡತಿ ನಿಂಬೆವ್ವನಿಗೆ ಅನುಕಂಪದ ನೌಕರಿ ಇಲ್ಲ.

೧೧-೨

ಸಂಜೆ ನಿಂಬೆವ್ವನ ಮನೆಗೆ ಹೋದೆ. ನಮ್ಮ ಹೊಲದ ಬದಿಗೇ ಇದೆ. ಗೂಡಿನಲ್ಲಿ ಪಿಂಗಾಣಿ ಫ್ಯೂಸು, ಕುಂಕುಮ ಹಚ್ಚಿಟ್ಟಿದ್ದಾಳೆ. ಕಿತ್ತ ಫ್ಯೂಸನ್ನು ಜೇಬಿನಲ್ಲಿ ಇಟ್ಟುಕೊಂಡೇ ಇವರು ಕಂಬ ಹತ್ತುವುದು, ಕೆಳಗೆ ಯಾರೂ ತಿರುಗಿ ಹಾಕಬಾರದೆಂದು. ಹೆಣದ ಜೇಬಿನಲ್ಲೇ ಇತ್ತಂತೆ. ಸತ್ತ ಮೇಲೆ ಯಾರೋ ಕಿತ್ತು ಜೇಬಿಗಿಟ್ಟದ್ದು ಎಂದು ಮೇಲಿನವರು ಹೇಳಿಬಿಟ್ಟರಂತೆ.

ಮಾತಾಡುತ್ತಿದ್ದಂತೆಯೇ ತಲೆಯ ಮೇಲಿನ ಬಲ್ಬು ಕೆಂಪಗೆ ಹತ್ತಿತು. ಅದೇ ಮೂರನೇ ತಂತಿಯ ಬಲ್ಬು! ಫ್ಯೂಸೇ ಇಲ್ಲದ ತಂತಿಗೆ ಕರೆಂಟು ಎಲ್ಲಿಂದ? ನಿಂಬೆವ್ವ ಸೆರಗು ಹೊದ್ದು ಎದ್ದಳು. ಗಂಗಾಳಕ್ಕೆ ರೊಟ್ಟಿ ಹಾಕಿ ಗೋಡೆಯ ಕಡೆ ಸರಿಸಿಟ್ಟಳು.

"ನಮ್ಮನಿಯವ್ರು ಬಂದ್ರು ನೋಡ್ರಿ ಅಕ್ಕಾರ. ದಿನಾ ಇದೇ ಹೊತ್ತಿಗಿ ಬರ್ತಾರ್ರಿ."

ದೆವ್ವಗಿವ್ವ ನಂಬುವವಳಲ್ಲ ನಾನು. ಆದರೂ ವಾಪಸ್ ಬರುವಾಗ ಆ ಕಂಬ ಬಿಟ್ಟು ಸುತ್ತುಹಾಕಿ ಬಂದೆ. ಎಂ.ಟೆಕ್. ಓದಿದ್ದು ದಂಡ.

೧೨-೨, ಸಂಜೆ

ಪಂಪು ನಡೆದಿರುವಾಗ ಮೂರನೇ ತಂತಿಗೆ ಸ್ಕೋಪು ಹಚ್ಚಿದೆ. ವೋಲ್ಟೇಜು, ಕರೆಂಟು ಬೇರೆ ಬೇರೆ ಓದಿ ಗುಣಿಸಿದರೆ ಲೆಕ್ಕ ಸುಳ್ಳು. ಕಂಡೆನ್ಸರ್ ಇದ್ದಲ್ಲಿ ಎರಡೂ ಕೂಡಿ ನಡೆಯುವುದಿಲ್ಲ. ಕ್ಷಣಕ್ಷಣಕ್ಕೂ ಗುಣಿಸಬೇಕು. ಸ್ಕೋಪಿನಲ್ಲೇ ಗುಣಿಸುವ ಮ್ಯಾಥ್ ಬಟನ್ ಒತ್ತಿದೆ. ಪೂರ್ತಿ ಸೈಕಲ್‌ಗಳ ಸರಾಸರಿ ತೆಗೆದೆ. ಬಂದದ್ದು — ಮೈನಸ್ ನಲವತ್ತು ವ್ಯಾಟ್.

ಕ್ಲ್ಯಾಂಪ್ ತಿರುಗಾಮುರುಗಾ ಹಾಕಿದೆನೇ? ಇಲ್ಲ, ಅದರ ಮೇಲಿನ ಬಾಣ ಮೋಟರಿನ ಕಡೆಗೇ ಇದೆ. ತೆಗೆದು ಮತ್ತೆ ಹಾಕಿದೆ. ಮತ್ತೆ ಮೈನಸ್.

ಕರೆಂಟು ಇಲ್ಲಿಗೆ ಬರುತ್ತಿಲ್ಲ. ಇಲ್ಲಿಂದ ಹೋಗುತ್ತಿದೆ! ಎರಡು ಫೇಸಿನಲ್ಲಿ ತಿರುಗುತ್ತ ಮೋಟರೇ ಮೂರನೆಯದನ್ನು ಹುಟ್ಟಿಸಿ ಆ ತಂತಿಗೆ ತುಂಬುತ್ತಿದೆ. ನಿಂಬೆವ್ವನ ಬಲ್ಬು ಹತ್ತುವುದು ಅದರಿಂದ. ಧರ್ಮಣ್ಣ ಸತ್ತದ್ದೂ... ಫ್ಯೂಸ್ ಕಿತ್ತೇ ಹತ್ತಿದ್ದ ಪಾಪ.

ಅವತ್ತು ಪಂಪು ನಡೆದಿತ್ತೇ ಎಂದು ಅಣ್ಣನನ್ನು ಕೇಳಿದೆ. ನಡೆದಿತ್ತಂತೆ. ಧರ್ಮಣ್ಣ ಮೂರೂ ಫ್ಯೂಸ್ ಕೀಳಲು ಹೊರಟಿದ್ದನಂತೆ. ಕಬ್ಬಿಗೆ ನೀರು ಬಿಟ್ಟಿದ್ದೇನೆ, ಒಂದೇ ಕೀಳು, ಉಳಿದೆರಡರಲ್ಲಿ ಪಂಪು ನಡೆಯಲಿ ಅಂತ ತಡೆದವನು ಇವನೇ.

"ಎಲ್ಲಾರೂ ಹಿಂಗ ಓಡಸ್ತಾರ, ಪಮ್ಮಿ. ನನಗೇನ ಗೊತ್ತಿತ್ತು?"

ಊಟ ಬಿಟ್ಟು ಎದ್ದುಹೋದ. ನನಗೂ ಸೇರಲಿಲ್ಲ.

೧೭-೨

ವಿಚಾರಣೆಯಲ್ಲಿ ಎಲ್ಲ ಹೇಳುತ್ತೇನೆ ಎಂದದ್ದಕ್ಕೆ ಅಣ್ಣ ಮಾತು ಬಿಟ್ಟಿದ್ದಾನೆ. ಒಡಹುಟ್ಟಿದವನನ್ನು ಜೈಲಿಗೆ ಕಳಿಸುತ್ತೀಯಾ ಎಂದು ಅತ್ತಿಗೆ ಕಣ್ಣೀರು ಹಾಕಿದಳು. ಸಿಟ್ಟು ಬಂತು. ಆಮೇಲೆ ನಾನೂ ಅತ್ತೆ. ಪಂಪು ಮಾತ್ರ ದಿನಾ ಸಂಜೆ ನಡೆದೇ ಇದೆ. ನಿಲ್ಲಿಸಲು ಅವನಿಗೂ ಧೈರ್ಯವಿಲ್ಲ. ನಿಲ್ಲಿಸಿದರೆ ಆ ಬಲ್ಬು...

ಈಗ ಅವನೇ ಬಾಗಿಲಿಗೆ ಬಂದು ನಿಂತು, ಸೋಮವಾರ ವಿಚಾರಣೆಯ ಸಾಹೇಬರನ್ನು ಇಲ್ಲಿಗೇ ಕರೆತರುತ್ತೇನೆ, ಮಶೀನು ತಯಾರಿಡು ಎಂದ. ಮುಖ ನೋಡಲಾಗಲಿಲ್ಲ.

೧೯-೨, ರಾತ್ರಿ

ಸಾಹೇಬರಿಗೆ ಮೊದಲು ಮೈನಸ್ ತೋರಿಸಿದೆ. ನಂಬಲಿಲ್ಲ. ನಿಂಬೆವ್ವನ ಮನೆಗೆ ಕರೆದೊಯ್ದು ಬಲ್ಬಿನ ಕೆಳಗೆ ನಿಲ್ಲಿಸಿದೆ. ಅತ್ತ ಹೊಲದಲ್ಲಿ ಅಣ್ಣ ಪಂಪು ಹಾಕಿದ — ಹತ್ತಿತು. ತೆಗೆದ — ಆರಿತು. ಹಾಕಿದ, ತೆಗೆದ. ಸಾಹೇಬರು ಗೂಡಿನ ಫ್ಯೂಸ್ ಕೇಳಿ ತೆಗೆದುಕೊಂಡರು. ಧರ್ಮಣ್ಣನ ತಪ್ಪಿಲ್ಲ ಎಂದು ಬರೆದರು. ಅಣ್ಣನ ಮೇಲೆ ಕೇಸು. ನಾಳೆ ಕಂಡೆನ್ಸರ್ ಜಪ್ತಿ.

ನೌಕರಿ ಸಿಗುತ್ತದೆ ಎಂದೆ ನಿಂಬೆವ್ವನಿಗೆ. ಕೇಳಿಸಿಕೊಂಡಳೋ ಇಲ್ಲವೋ. ಕತ್ತಲಲ್ಲಿ ಗಂಗಾಳ ಹಿಡಿದು ನಿಂತಿದ್ದಳು.

"ಅಕ್ಕಾರ... ನಿಮ್ಮ ಅಣ್ಣಾರಿಗಿ ಇನ್ನೊಮ್ಮಿ ಹಾಕ್ರಿ ಅಂತ ಹೇಳ್ರಿ. ಇವರು ಉಣ್ಣೂತನಕ ಅಷ್ಟ."

ಓಡಿಹೋಗಿ ಹೇಳಿದೆ. ಅಣ್ಣ ಸ್ಟಾರ್ಟರ್ ಒತ್ತಿದ. ದೂರದಲ್ಲಿ ಆಕೆಯ ಬಾಗಿಲು ಕೆಂಪಗಾಯಿತು. ಅಣ್ಣ ಅಲ್ಲೇ ಕುಸಿದು ಕೂತು ಅತ್ತ. ಎಷ್ಟು ಹೊತ್ತು ಓಡಿಸಲಿ ಎಂದು ನನ್ನನ್ನು ಕೇಳಿದ. ನಾನು ಪಕ್ಕದಲ್ಲಿ ಕೂತು, ಆಕೆ ಬಾಗಿಲು ಹಾಕಿಕೊಳ್ಳುವ ತನಕ ಎಂದೆ.