ಚಪ್ಪಲಿ ಅಂಗಡಿಯಲ್ಲಿ ಈರುಳ್ಳಿ

ಅಕ್ಕಾ,

ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ಇನ್ನು ಮುಂದಿನದು ನಿನಗೆ ಮಾತ್ರ. ಈ ಕಾರ್ಡನ್ನು ಅಂಚೆಯವರು ಓದಿದರೆ ಓದಲಿ, ನನ್ನ ಮಾನ ಹೇಗೂ ಹೋಗಿದೆ.

ಆಪ್ತಸಮಾಲೋಚನೆಯ ಸ್ನಾತಕೋತ್ತರ ತರಬೇತಿಯಲ್ಲಿ ನನ್ನ ಪಾಲಿಗೆ ಬಂದವರು ಒಬ್ಬ ಬ್ಯಾಂಕ್ ಗುಮಾಸ್ತರು. ಜನ ನಗುತ್ತಾರೆಂಬ ಭಯಕ್ಕೆ ಅವರು ಅಂಗಡಿಗೂ ಹೋಗುವವರಲ್ಲ. ಒಮ್ಮೆ ಬೇಕೆಂದೇ ನಗೆಪಾಟಲಾದರೆ, ಆಕಾಶವೇನೂ ಕಳಚಿ ಬೀಳುವುದಿಲ್ಲವೆಂದು ಮನಸ್ಸಿಗೆ ತಿಳಿಯುತ್ತದೆ. ಇದೇ ನಾವು ಕಲಿಯುವ ವಿದ್ಯೆ. "ನಾನು ಪಕ್ಕದಲ್ಲೇ ಇರ್ತೀನಿ" ಎಂದು ಧೈರ್ಯ ಹೇಳಿ ಇವತ್ತು ಅವರನ್ನು ಚಪ್ಪಲಿ ಅಂಗಡಿಗೆ ಕರೆದೊಯ್ದೆ.

ಅವರು ಬೆವರುತ್ತಲೇ ಗಟ್ಟಿಯಾಗಿ ಕೇಳಿದರು: "ಒಂದು ಕೆಜಿ ಈರುಳ್ಳಿ ಕೊಡಿ."

ಒಂದೇ ಕಾಲಿಗೆ ಬೂಟು ಹಾಕಿಕೊಂಡಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಅಂಗಡಿಯವನು ನನ್ನತ್ತ ತಿರುಗಿ, "ಇವರು ನಿಮ್ಮ ಜೊತೆ ಬಂದವರಾ?" ಎಂದ.

"ಇಲ್ಲಪ್ಪ, ಯಾರೋ ಗೊತ್ತಿಲ್ಲ" ಎಂದುಬಿಟ್ಟೆ ಅಕ್ಕಾ!

ಹೊರಗೆ ಬಂದೆವು. ಅವರೇ ಮುಖ ಒರೆಸಿಕೊಳ್ಳುತ್ತಾ, "ಭಯ ಆಯ್ತಾ ಮೇಡಂ? ನಂಗೂ ಹಾಗೇ ಆಗೋದು. ಬನ್ನಿ, ಮುಂದಿನ ಅಂಗಡೀಲಿ ನೀವು ಕೇಳಿ" ಎಂದರು.

ಕನ್ನಡಕದ ಅಂಗಡಿಯಲ್ಲಿ ಈರುಳ್ಳಿ ಕೇಳಿದೆ. ಅಲ್ಲಿಯವರು ಮುಖ ಮುಖ ನೋಡಿಕೊಳ್ಳುತ್ತಿದ್ದಂತೆ, ಜನರೆಂದರೆ ನಡುಗುವ ಆ ಮನುಷ್ಯ ಮುಂದೆ ಬಂದು ನನ್ನ ಪಕ್ಕ ನಿಂತರು. "ಇವರು ನನ್ನ ಜೊತೆ ಬಂದವರು" ಎಂದರು.

ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಚಿಕೆ ಮುಗಿದಿಲ್ಲ.

ನಿನ್ನ ತಂಗಿ